ಅತ್ತೆಯ ಮೀನಿಗೆ ಅಳಿಯನ ಚಿಕಿತ್ಸೆ

ಬಾಯಿ ಇರುವ ಯಾವ ಜೀವಿಯೂ ನನ್ನ ಚಿಕಿತ್ಸೆಗೆ ಹೊರತಲ್ಲ ಎಂಬುದು ಹಲ್ಲಿನ ಡಾಕ್ಟರಾದ ನನ್ನ ಘನವಾದ ನಂಬಿಕೆಯಾಗಿತ್ತು. ಹಾಗಾಗಿ ಅತ್ತೆ ಕಣ್ಣಿನ ಆಪರೇಷನ್ನಿಗೆ ಹೊರಟು, ತಮ್ಮ ಗೋಲ್ಡ್‌ಫಿಶ್ ಜೋಡಿಯನ್ನು ನಮ್ಮ ಮನೆಯಲ್ಲಿ ಬಿಟ್ಟಾಗ, "ಮೀನು ಇನ್ನು ನನ್ನ ಜವಾಬ್ದಾರಿ" ಎಂದು ಎದೆ ತಟ್ಟಿಕೊಂಡೆ. ಮಾವ ತೀರಿಕೊಂಡ ಮೇಲೆ ಅತ್ತೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಮೀನುಗಳ ಜೊತೆಗೆ ಮಾತ್ರ. ಅಳಿಯನ ಜೊತೆ ಅಷ್ಟಕ್ಕಷ್ಟೇ.

ಅವರು ಅತ್ತ ಹೋದದ್ದೇ ತಡ, ಇತ್ತ ಗಂಡು ಮೀನಿನ ಕಿವಿರಿನ ಮೇಲೆ ರವೆ ಚೆಲ್ಲಿದಂತೆ ಬಿಳಿ ಗುಳ್ಳೆಗಳೆದ್ದವು. ಸಾಲದ್ದಕ್ಕೆ, ಅದು ಹೆಣ್ಣು ಮೀನಿನ ಬೆನ್ನು ಹತ್ತಿ ತೊಟ್ಟಿಯೆಲ್ಲ ಸುತ್ತತೊಡಗಿತು. ರೋಗ ನೆತ್ತಿಗೇರಿದೆ ಎಂದು ನಾನು ತೀರ್ಪಿತ್ತೆ.

"ಪ್ರಾಣಿಗಳ ಡಾಕ್ಟರನ್ನ ಕೇಳೋಣ್ವಾ?" ಎಂದಳು ಹೆಂಡತಿ.

"ಮನೇಲಿ ಡಾಕ್ಟರ್ ಇಟ್ಕೊಂಡು ಬೀದೀಲಿ ಹುಡುಕ್ತಾರಾ?"

"ಹಲ್ಲಿಲ್ಲದ ಬಾಯಿಗೆ ನೀವೇನ್ ಮಾಡ್ತೀರಿ?"

ಗಂಡು ಮೀನನ್ನು ಬೇರೆ ಬೋಗುಣಿಯ ಉಪ್ಪುನೀರಿಗೆ ಹಾಕಿದೆ. ಗುಳ್ಳೆ ಕರಗಲಿಲ್ಲ, ಮೀನೇ ಕರಗತೊಡಗಿತು. ಊಟ ಬಿಟ್ಟು, ಮುಖ ತಿರುಗಿಸಿಕೊಂಡು ತಳ ಸೇರಿತು. ತೊಟ್ಟಿಯಲ್ಲಿದ್ದ ಹೆಣ್ಣೂ ಉಪವಾಸ ಕೂತಿತು. ಅತ್ತೆಗೆ ಏನು ಹೇಳುವುದು ಎಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡತೊಡಗಿದೆ.

ಕೊನೆಯ ಅಸ್ತ್ರವಾಗಿ ಕ್ಲಿನಿಕ್ಕಿನ ಮೆತ್ತನೆಯ ಬ್ರಷ್ ತಂದು, ಅಡುಗೆಕಟ್ಟೆಯ ಬಳಿ ನಿಂತು, ರೋಗಿಯನ್ನು ಒದ್ದೆ ಅಂಗೈಯಲ್ಲಿ ಹಿಡಿದೆ. ಬ್ರಷ್ ತಾಗಿತೋ ಇಲ್ಲವೋ, ಅದು ಜಾರಿ, ಚಿಮ್ಮಿ, ಬೇಳೆ ನೆನೆಹಾಕಿದ್ದ ಪಾತ್ರೆಗೆ ಬಿತ್ತು! ಇಬ್ಬರೂ ಮೊಣಕೈವರೆಗೆ ಕೈ ಇಳಿಸಿದೆವು.

"ಸಿಕ್ತು, ಬಾಲ ಸಿಕ್ತು."

"ಅದು ನನ್ನ ಬೆರಳು, ಬಿಡ್ರೀ."

ಕಡೆಗೆ ಅವಳೇ ಅದನ್ನು ಬೊಗಸೆಯಲ್ಲಿ ಎತ್ತಿ ಶುದ್ಧ ನೀರಿಗೆ ಬಿಟ್ಟಳು. "ಇನ್ನೊಂದ್ಸಲ ಮುಟ್ಟಿದ್ರೆ ನೋಡಿ. ನಿಮ್ಮ ಬೇಳೇನೂ ಬೇಯ್ಲಿಲ್ಲ, ನನ್ನ ಬೇಳೇನೂ ಬೇಯೋ ಹಾಗಿಲ್ಲ."

ಅತ್ತೆ ಆಸ್ಪತ್ರೆಯಿಂದ ಬಂದವರು ನೇರವಾಗಿ ತೊಟ್ಟಿಯ ಬಳಿ ಹೋದರು. "ಇವಳೊಬ್ಬಳೇ ಇದ್ದಾಳೆ. ಅವನೆಲ್ಲಿ?"

ಬೋಗುಣಿ ಹಿಡಿದು, ತಲೆ ತಗ್ಗಿಸಿ, ಉಪ್ಪಿನಿಂದ ಬೇಳೆಯವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಕಪ್ಪು ಕನ್ನಡಕವನ್ನು ಹಣೆಗೇರಿಸಿ ಬೋಗುಣಿಗೆ ಬಗ್ಗಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ನಾನು ನೀರಾಗಿಹೋದೆ. ನೋಡಿದರೆ ನಗು!

"ಇದು ರೋಗ ಅಲ್ಲ ಅಳಿಯಂದ್ರೇ. ಹೆಣ್ಣಿನ ಜೊತೆ ಕೂಡೋ ಕಾಲ ಬಂದ್ರೆ ಗಂಡಿಗೆ ಹೀಗೆ ಗುಳ್ಳೆ ಏಳುತ್ತೆ. ನಿಮ್ಮ ಮಾವ ಪ್ರತಿ ವರ್ಷಾನೂ ಕರೆದು ತೋರಿಸೋರು."

ಅವರು ತೊಟ್ಟಿಗೆ ಬಿಟ್ಟದ್ದೇ ತಡ, ಅದು ನೇರ ಹೆಣ್ಣಿನ ಪಕ್ಕಕ್ಕೆ ಓಡಿತು.

"ನನಗೇನು ಗೊತ್ತಿತ್ತು ಅತ್ತೆ? ಗುಳ್ಳೆ ಕಂಡ್ರೆ ಸುಮ್ನಿರೋಕಾಗುತ್ತಾ?" ಎಂದು ಗೊಣಗಿದೆ.

"ಯಾಕಾಗಲ್ಲ? ನನ್ನ ಮಗಳ ಹಿಂದೆ ಸುತ್ತುತ್ತಿದ್ದಾಗ ನಿಮ್ಮ ಮುಖದ ತುಂಬಾನೂ ಇತ್ತಲ್ಲ. ನಾನೇನು ಬ್ರಷ್ ಹಿಡ್ಕೊಂಡು ಬಂದ್ನಾ?"