ಕೇಕನ್ನು ತಾತನೆಂದು ಒಪ್ಪಿಕೊಂಡ ಸೀಟ್‌ಬೆಲ್ಟ್ ದೀಪದವರಿಗೆ

ಇವರಿಗೆ,
ಶ್ರೀ ಸೀಟ್‌ಬೆಲ್ಟ್ ದೀಪದವರು,
ಸ್ಟೀರಿಂಗಿನ ಹಿಂದೆ, ಪೆಟ್ರೋಲ್ ಮುಳ್ಳಿನ ಪಕ್ಕದ ಮನೆ,
ನನ್ನ ಮಗನ ಏಳು ಸೀಟಿನ ಕಾರು.

ಮಾನ್ಯರೇ,

ಸದಾ ಎಚ್ಚರವಿರುವವರೂ, ಅಣುವಷ್ಟು ತಪ್ಪಿಗೆ ಆಕಾಶ ಬಿರಿಯುವಂತೆ ಕೂಗಬಲ್ಲ ಕಂಠವುಳ್ಳವರೂ ಆದ ತಮಗೆ, ಹಿಂದಿನ ಸಾಲಿನ ಪ್ರಯಾಣಿಕನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನೂ ಈಗ ಕ್ಷೇಮವೇ. ಆದರೆ ಕಳೆದ ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ಮೂರೂಕಾಲರವರೆಗೆ ಹೇಗಿದ್ದೆ ಎಂಬುದನ್ನು ತಮ್ಮ ಅವಗಾಹನೆಗೆ ತರುವುದಕ್ಕಾಗಿ ಈ ಪತ್ರ ಬರೆಯಬೇಕಾಗಿ ಬಂದಿದೆ.

ನಾನು ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರಾಗಿ ದುಡಿದು ನಿವೃತ್ತನಾದವನು. ತಲೆ ಎಣಿಸುವುದು ತಮಗೆ ಕಾರ್ಖಾನೆಯಲ್ಲಿ ತುಂಬಿಕೊಟ್ಟ ವಿದ್ಯೆಯಾದರೆ ನನಗೆ ಹೊಟ್ಟೆಪಾಡು. ನಿಂತವರು, ಕೂತವರು, ಬಾಗಿಲಿಗೆ ಜೋತುಬಿದ್ದವರು, ಏಳು ವರ್ಷದ ಮಗನನ್ನು ಮೂರು ವರ್ಷದವನೆಂದು ತೊಡೆಯ ಮೇಲೆ ಮಡಚಿಟ್ಟುಕೊಂಡವರು, ಇವರೆಲ್ಲರನ್ನೂ ಒಂದೇ ನೋಟದಲ್ಲಿ ಲೆಕ್ಕಹಾಕಿ ಮುಗಿಸುತ್ತಿದ್ದವನು ನಾನು. ಊರಿಗೆಲ್ಲ ರಜೆ ಬಂದಾಗ ನಮಗೆ ಎರಡೆರಡು ಪಾಳಿ. ಹೀಗಾಗಿ ಪರರ ಮಕ್ಕಳನ್ನೆಲ್ಲ ಅವರವರ ಸಂಭ್ರಮಗಳಿಗೆ ಸಕಾಲಕ್ಕೆ ತಲುಪಿಸಿದ ನಾನು ರಜೆಯಲ್ಲೇ ಬರುತ್ತಿದ್ದ ನನ್ನ ಮಗನ ಒಂದು ಹುಟ್ಟುಹಬ್ಬಕ್ಕೂ ಹೊತ್ತಿಗೆ ಸರಿಯಾಗಿ ಮನೆ ಸೇರಲಿಲ್ಲ. ನಾನು ಬರುವಷ್ಟರಲ್ಲಿ ಅವನು ಮಲಗಿರುತ್ತಿದ್ದ.

ಅದಕ್ಕೇ ಈ ಚಳಿಗಾಲದ ರಜೆಯಲ್ಲಿ ಬೆಟ್ಟದ ಮೇಲೆ ಮೂರು ದಿನಕ್ಕೊಂದು ಮನೆ ಬಾಡಿಗೆಗೆ ಹಿಡಿದು, ಮೊಮ್ಮಗಳ ಐದನೇ ಹುಟ್ಟುಹಬ್ಬವನ್ನು ಅಲ್ಲೇ ಮಾಡುವುದೆಂದು ತೀರ್ಮಾನವಾದಾಗ, ಎಲ್ಲರಿಗಿಂತ ಮೊದಲು ಚೀಲ ಕಟ್ಟಿದವನು ನಾನೇ. ಮೇಣದಬತ್ತಿ ಊದುವಾಗ ‘ಒಂದು, ಎರಡು, ಮೂರು’ ಹೇಳುವ ಅಧಿಕಾರವನ್ನು ಮೊಮ್ಮಗಳು ನನಗೇ ಕೊಟ್ಟಿದ್ದಳು. ಅವಳದ್ದು ಒಂದೇ ಷರತ್ತು: “ತಾತ, ಬೆಳಕಿರುವಾಗ್ಲೇ ಕಟ್ ಮಾಡ್ಬೇಕು. ಕತ್ತಲಾಗ್ಬಿಟ್ರೆ ನಂಗೆ ಐದು ಆಗೋದೇ ಇಲ್ಲ.” ಇಂಥ ಕಾನೂನಿನ ಮುಂದೆ ಯಾರ ವಾದವೂ ನಡೆಯುವುದಿಲ್ಲ. ನಾನು ಮಾತು ಕೊಟ್ಟೆ.

ಹೊರಟದ್ದು ಆರು ಜನ. ಮುಂದೆ ಮಗ ಮತ್ತು ಸೊಸೆ, ನಡುವೆ ನನ್ನ ಹೆಂಡತಿ ಹಾಗೂ ಅವಳ ಎಡಬಲಕ್ಕೆ ಮೊಮ್ಮಗ ಮತ್ತು ಮೊಮ್ಮಗಳು, ಹಿಂದೆ ನಾನು ಮತ್ತು ಲಗೇಜು. ಏಳು ವರ್ಷದ ಮೊಮ್ಮಗ ನಮ್ಮ ಬೀದಿಯ ತಿರುವು ದಾಟುವ ಮೊದಲೇ “ಬಂತಾ?” ಎಂದು ಕೇಳಿ, ಆಮೇಲೆ ಅದನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತ ಬಂದ. ಮೊಮ್ಮಗಳು ಒಂದು ಕಾಲ್ಚೀಲವನ್ನು ಕಿಟಕಿಯಿಂದ ಹೊರಗೆಸೆದು, ಇನ್ನೊಂದಕ್ಕೆ ಒಂಟಿತನ ಕಾಡುತ್ತದೆಂದು ಅತ್ತಳು. ಪ್ರತಿ ಸಲ ನಿಲ್ಲಿಸಿದಾಗಲೂ ನನ್ನ ಮಗ ಹಿಂತಿರುಗಿ ನೋಡುವ ಗೋಜಿಗೆ ಹೋಗದೆ, ತಮ್ಮ ಮುಖವನ್ನೊಮ್ಮೆ ನೋಡಿ, ಬೆಲ್ಟ್ ಹಾಕಿದ ಸೀಟಿಗೊಂದರಂತೆ ಆರು ಹಸಿರು ಬೊಂಬೆಗಳು ಕಂಡರೆ ಗಾಡಿ ಬಿಡುತ್ತಿದ್ದ. ತಮ್ಮ ಮೇಲೆ ಅವನಿಗೆ ಅಂಥ ನಂಬಿಕೆ.

ಎರಡು ಗಂಟೆಗೆ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಂತೆವು. ಡಿಕ್ಕಿ ತೆಗೆದು ನೋಡಿದರೆ ಸೂಟ್‌ಕೇಸೊಂದು ಕೇಕಿನ ಪೆಟ್ಟಿಗೆಯ ಹೆಗಲಿಗೆ ಒರಗಿ ಸುಖವಾಗಿ ಮಲಗಿತ್ತು. ಲಗೇಜನ್ನು ಸರಿಯಾಗಿ ಜೋಡಿಸುವಷ್ಟು ಹೊತ್ತು ಇರಲೆಂದು ಪೆಟ್ಟಿಗೆಯನ್ನು ಎತ್ತಿ ನನ್ನ ಸೀಟಿನ ಮೇಲಿಟ್ಟೆ. ಇಟ್ಟದ್ದೇ ತಡ, ತಾವು ಬಾಯಿ ತೆಗೆದಿರಿ. “ಮಾವ, ಅದರ ಬಾಯಿ ಮುಚ್ಚಿಸಿ, ತಲೆ ಸಿಡೀತಿದೆ” ಎಂದಳು ಸೊಸೆ. ಕೇಕಿಗೆ ಬೆಲ್ಟ್ ಹಾಕಿದೆ. ತಾವು ತಕ್ಷಣ ಹಸಿರಾದಿರಿ. ಬಿಸಿಲಿಗೆ ಕೆನೆ ಕರಗಬಾರದೆಂದು ಪೆಟ್ಟಿಗೆಗೆ ನನ್ನ ಶಾಲು ಹೊದಿಸಿದೆ. ಅದರ ಮೇಲಿಟ್ಟ ಮೇಣದಬತ್ತಿಯ ದುಂಡು ಡಬ್ಬಿ ಉರುಳಬಾರದೆಂದು ಡಬ್ಬಿಗೆ ನನ್ನ ಮಂಕಿ ಟೋಪಿ ತೊಡಿಸಿದೆ. ನನ್ನ ಮುತುವರ್ಜಿಯನ್ನು ಯಾರೂ ಅನುಮಾನಿಸುವಂತಿಲ್ಲ. ಲಗೇಜು ಜೋಡಿಸಿ, ಡಿಕ್ಕಿ ಮುಚ್ಚಿದೆ. ಕಾರು ಹೊರಟುಹೋಯಿತು.

ಮಾನ್ಯರೇ, ಆ ಕೇಕಿನ ಪ್ರಯಾಣದ ಬಗ್ಗೆ ಆಮೇಲೆ ಕೇಳಿ ತಿಳಿದದ್ದನ್ನು ಹೇಳಿದರೆ ತಮಗೆ ಹೆಮ್ಮೆಯಾದೀತು. ಕನ್ನಡಿಯಲ್ಲಿ ಶಾಲು ಟೋಪಿ ಕಂಡ ಸೊಸೆ, “ಮಾವ ಮಲಗಿದಾರೆ, ಹಾಡು ಸಣ್ಣಗೆ ಮಾಡಿ” ಎಂದಳಂತೆ. ಮಕ್ಕಳು ಪಿಸುಮಾತಿನಲ್ಲಿ ಜಗಳವಾಡಿದರಂತೆ. ನನ್ನ ಹೆಂಡತಿಯಂತೂ, “ಇವತ್ತು ಗೊರಕೆನೇ ಇಲ್ಲ, ಪುಣ್ಯ” ಎಂದು ಮೆಚ್ಚಿದಳಂತೆ. ನನ್ನ ನಿದ್ದೆಗೆ ಈ ಮನೆಯಲ್ಲಿ ಇಷ್ಟು ಮರ್ಯಾದೆ ಸಿಗಬೇಕಾದರೆ ನಾನು ಕಾರಿನಲ್ಲಿ ಇರಬಾರದೆಂಬ ಸತ್ಯವನ್ನು ಎಪ್ಪತ್ತರ ಹತ್ತಿರ ಬಂದ ಮೇಲಾದರೂ ತಿಳಿಸಿಕೊಟ್ಟಿರಿ. ಗಂಟೆಗೊಮ್ಮೆ ಇಳಿಯಬೇಕೆನ್ನದ, ಮಂಡಿ ನೋವೆನ್ನದ, ಡ್ರೈವರಿಗೆ ಬುದ್ಧಿ ಹೇಳದ ತಾತನನ್ನು ನನ್ನ ಮನೆಯವರಿಗೆ ಒದಗಿಸಿದ್ದಕ್ಕೆ ಕೃತಜ್ಞತೆಗಳು.

ಇತ್ತ ನಾನು ಗಾಳಿ ತುಂಬುವ ಯಂತ್ರದ ಪಕ್ಕ, ಟೋಪಿ ಶಾಲುಗಳಿಲ್ಲದೆ ಚಳಿಗಾಳಿಗೆ ನಡುಗುತ್ತ ನಿಂತಿದ್ದೆ. ಮೊದಲ ಐದು ನಿಮಿಷ ನಗು ಬಂತು. ಹದಿನೈದು ನಿಮಿಷಕ್ಕೆ ಕೋಪ. ಅರ್ಧ ಗಂಟೆಯಾದ ಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಭಯವಾಯಿತು. ಕಳೆದುಹೋಗುವ ಭಯವಲ್ಲ, ನಾನು ಎಂಥೆಂಥ ಬಸ್ ನಿಲ್ದಾಣಗಳಲ್ಲಿ ಮಲಗಿ ಎದ್ದವನು. ಅವರು ಬೆಟ್ಟ ತಲುಪಿ, ನನ್ನ ಗೈರುಹಾಜರಿಯಲ್ಲೇ ಮೇಣದಬತ್ತಿ ಊದಿಬಿಟ್ಟರೆ? ಮಗನ ಕಾಲದಲ್ಲಿ ಹೇಳಿಕೊಳ್ಳಲು ಡ್ಯೂಟಿಯಾದರೂ ಇತ್ತು. ಈ ಸಲ ಅದೂ ಇಲ್ಲ.

ನನ್ನ ಫೋನ್ ಕಾರಿನಲ್ಲೇ, ಶಾಲಿನ ಮಡಿಕೆಯಲ್ಲಿ ಉಳಿದಿತ್ತು. ಬಂಕಿನ ಮ್ಯಾನೇಜರು ದೊಡ್ಡ ಮನಸ್ಸು ಮಾಡಿ ತಮ್ಮದೇ ಫೋನ್ ಕೊಟ್ಟರು. ಆದರೆ ನನಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು, ಅದೂ ನನ್ನದೇ. ಬೇರೆ ದಾರಿಯಿಲ್ಲದೆ ನನಗೆ ನಾನೇ ಫೋನ್ ಮಾಡಿದೆ. ಮೂವತ್ತೈದು ಕಿಲೋಮೀಟರ್ ಆಚೆ ಶಾಲಿನೊಳಗಿಂದ ಕೇಕ್ ರಿಂಗಣಿಸಿತು. ಎರಡು ಸಲ ಪೂರ್ತಿ ಬಡಿದುಕೊಂಡರೂ ತಾತ ಎತ್ತದಿರುವುದನ್ನು ಕಂಡು ಮೊಮ್ಮಗಳು ಹಿಂದಕ್ಕೆ ಕೈಚಾಚಿ ಶಾಲು ಎಳೆದಳು. “ಅಜ್ಜೀ, ತಾತ ಚೌಕ ಆಗ್ಬಿಟ್ಟಿದಾರೆ!” ಎಂಬ ಅವಳ ಚೀರಾಟವನ್ನು ತಾವೂ ಕೇಳಿರಬೇಕು. ಆಗಲಾದರೂ ತಾವು ಕೆಂಪಾಗಬಹುದಿತ್ತು, ನಾಚಿಕೆಯಿಂದಲಾದರೂ. ತಾವು ಹಸಿರಾಗಿಯೇ ಇದ್ದಿರಂತೆ.

ಕಾರು ತಿರುಗಿ ಬಂತು. ನನ್ನ ಹೆಂಡತಿ ಇಳಿಯುವ ಮೊದಲೇ ಮಗನಿಗೆ ಶುರುಮಾಡಿದ್ದಳು: “ಹೆತ್ತ ಅಪ್ಪನ್ನ ಬೀದೀಲಿ ಬಿಟ್ಟು ಬಂದ್ಯಲ್ಲೋ, ಕಣ್ಣೆಲ್ಲಿ ಇಟ್ಕೊಂಡಿದ್ದೆ?” ಮಗ ನನ್ನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ, “ದೀಪ ಹಸಿರಾಗಿತ್ತಮ್ಮ” ಎಂದಷ್ಟೇ ಹೇಳಿದ.

ಅಲ್ಲಿಂದ ಬೆಟ್ಟಕ್ಕೆ ಇನ್ನೂ ಮೂರು ಗಂಟೆಯ ದಾರಿ. ಚಳಿಗಾಲದ ಸೂರ್ಯ ಯಾರಿಗೂ ಕಾಯುವವನಲ್ಲ. ತಲುಪುವಷ್ಟರಲ್ಲಿ ಕತ್ತಲಾಗಿ, ಮೊಮ್ಮಗಳು ಇನ್ನೊಂದು ವರ್ಷ ನಾಲ್ಕರಲ್ಲೇ ಉಳಿಯುವುದು ಖಂಡಿತವಾಗಿತ್ತು. ಹಾಗಾಗಿ ಕಾರಿನ ಬಾನೆಟ್ಟಿನ ಮೇಲೆಯೇ ಕೇಕ್ ಇಟ್ಟೆವು. ಸೊಸೆ ಬೆಂಕಿಪೊಟ್ಟಣ ತೆಗೆದದ್ದೇ ಮ್ಯಾನೇಜರು ಎದ್ದೆನೋ ಬಿದ್ದೆನೋ ಎಂದು ಓಡಿಬಂದರು. ಪೆಟ್ರೋಲ್ ಬಂಕಿನಲ್ಲಿ ಬೆಂಕಿ ಕೂಡದು, ಸರಿಯಾದ ಮಾತೇ. ಕೊನೆಗೆ ಹಚ್ಚದ ಐದು ಮೇಣದಬತ್ತಿಗಳ ಮುಂದೆ ನಾನು “ಒಂದು, ಎರಡು, ಮೂರು” ಎಂದೆ. ಮೊಮ್ಮಗಳು ಕೆನ್ನೆ ಉಬ್ಬಿಸಿ ಊದಿದಳು. “ನೋಡಿ ತಾತ, ಎಲ್ಲಾ ಒಂದೇ ಸಲ ಆರೋಯ್ತು!” ಎಂದು ಕುಣಿದಳು. ಮ್ಯಾನೇಜರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ತುಂಬಿದ್ದು ಚಳಿಗಾಳಿಗೆ ಎಂದು ಎಲ್ಲರಿಗೂ ಹೇಳಿದೆ.

ಆದಕಾರಣ ತಮ್ಮಲ್ಲಿ ಕೆಲವು ಸವಿನಯ ಬೇಡಿಕೆಗಳಿವೆ. ಇನ್ನು ಮುಂದೆ ಹಸಿರಾಗುವ ಮುನ್ನ ಸೀಟಿನಲ್ಲಿರುವವರ ಹೆಸರು, ವಯಸ್ಸು ಮತ್ತು ಮಂಡಿನೋವನ್ನು ವಿಚಾರಿಸತಕ್ಕದ್ದು. ಉತ್ತರ ಬಾರದಿದ್ದರೆ ಒಂದು ಚಮಚ ತೆಗೆದು ರುಚಿ ನೋಡತಕ್ಕದ್ದು. ಸಿಹಿಯಾಗಿದ್ದರೆ ಅದು ನಾನಲ್ಲವೆಂದು ನನ್ನ ಹೆಂಡತಿ ಪ್ರಮಾಣಪತ್ರ ಕೊಡಲು ಸಿದ್ಧಳಿದ್ದಾಳೆ. ಗೊರಕೆ ಕೇಳದೆ ಹತ್ತು ಕಿಲೋಮೀಟರ್ ಕಳೆದರೆ ತಾವೇ ಗಾಡಿ ತಿರುಗಿಸತಕ್ಕದ್ದು. ಇಷ್ಟನ್ನು ನಡೆಸಿಕೊಟ್ಟರೆ ತಮ್ಮ ಹಳೆಯ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ, ಕೇಕನ್ನು ಹಾಕಿಕೊಂಡ ಹಾಗೆಯೇ.

ಬೆಲ್ಟು ಬಿಗಿದುಕೊಂಡೇ ಸಹಿ ಮಾಡುತ್ತಿರುವ,
ತಮ್ಮ ವಿಶ್ವಾಸಿ,
ಕೇಕಲ್ಲದ ತಾತ

ತಾ.ಕ.: ಡಿಕ್ಕಿ ಮುಚ್ಚಿದ ಮೇಲೆ ಕಾರಿನ ಬೆನ್ನಿಗೆ ಎರಡು ಸಲ ತಟ್ಟಿ “ರೈಟ್, ರೈಟ್!” ಎಂದು ಕೂಗಿದವರು ಯಾರು ಎಂದು ತಾವು ಕೇಳಬಹುದು. ಬಾಗಿಲು ಮುಚ್ಚಿದ ಸದ್ದಾದರೆ ಮೂವತ್ತನಾಲ್ಕು ವರ್ಷದ ಈ ಕೈ ತಾನಾಗಿಯೇ ಏಳುತ್ತದೆ, ಏನು ಮಾಡಲಿ? ಬಸ್ಸಾಗಿದ್ದರೆ ತಟ್ಟಿದ ಮೇಲೆ ಹಾರಿ ಹತ್ತಿಕೊಳ್ಳಲು ಹಿಂಬಾಗಿಲಾದರೂ ಇರುತ್ತಿತ್ತು. ಆ ಕೂಗನ್ನು ಕೇಳಿಸಿಕೊಂಡವನು ಮಗನೊಬ್ಬನೇ. ಬೆಟ್ಟ ಮುಟ್ಟುವವರೆಗೂ ಅಮ್ಮನಿಂದ ಬೈಸಿಕೊಂಡರೂ ಅವನು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ, ಇಂದಿಗೂ ಬಿಚ್ಚಿಲ್ಲ. ಅಂಥ ಮಗನನ್ನು ದೂರಲಾರೆ. ನನ್ನನ್ನು ನಾನು ದೂರಿಕೊಂಡರೆ ಅವನು ತಿಂದ ಬೈಗುಳವೆಲ್ಲ ದಂಡವಾಗುತ್ತದೆ. ಉಳಿದವರು ತಾವೊಬ್ಬರೇ.