ಎರಡನೇ ಪಂಕ್ತಿಯ ಉಸಿರಾಟ

ಬ್ರಹ್ಮಾವರದಿಂದ ಬೈಂದೂರಿನವರೆಗೆ ಬಸ್ಸು ಹತ್ತಿದವರಲ್ಲಿ ಯಾರ ತಲೆ ಸರಿ, ಯಾರಿಗೆ ಹುಚ್ಚು, ನಮ್ಮ ಮಾತಲ್ಲಿ ಮರ್ಲು, ಅಂತ ಮೆಟ್ಟಿಲ ಮೇಲಿಟ್ಟ ಕಾಲು ನೋಡಿಯೇ ಹೇಳುತ್ತಿದ್ದ ಕಂಡಕ್ಟರ್ ನಾನೊಬ್ಬನೇ. ಬೇಕಾದರೆ ಡ್ರೈವರನ್ನು ಕೇಳಿ ಎನ್ನುತ್ತಿದ್ದೆ. ಪಾಪ, ಅವನೀಗ ಇಲ್ಲ. ಬಸ್ಸೂ ಗುಜರಿಗೆ ಹೋಯಿತು. ಇಷ್ಟು ತಿಳಿದವನಿಗೇ ಮತ್ತೆ ಮತ್ತೆ ಮರ್ಯಾದೆ ಹೋಗುವುದು ಯಾಕೋ! ಈ ವರ್ಷ ಪಕ್ಕದ ಮನೆಯ ಹುಡುಗಿಯ ಎದುರು ಮೂರು ಸಲ ಹೋಯಿತು. ಅವಳು ಮನಸ್ಸಿನ ಕಾಯಿಲೆಗಳ ಬಗ್ಗೆ ಎಂ.ಎ. ಓದುತ್ತಾಳೆ. ನಮ್ಮ ಗುಲ್ವಾಡಿಯ ಮುದುಕರ ನಿದ್ರೆಯ ಮೇಲೆ ಪ್ರಬಂಧ ಬರೆದುಕೊಟ್ಟರೆ ಮಾತ್ರ ಅವಳಿಗೆ ಡಿಗ್ರಿ.

೧. ಮರ್ಲು ಯಾರಿಗೆ

"ಅಜ್ಜಾ, ನೀವ್ ಮರ್ಲ್ ಅಂಬುದ್ ಯಾರಿಗೆ?" ಎಂದು ಹುಡುಗಿ ಒಂದು ದಿನ ಕೇಳಿದಳು.

"ಎಲ್ರ್ ಹಾಂಗ್ ಇಲ್ದಿದ್ದವ್ರಿಗೆ," ಎಂದೆ. ಉದಾಹರಣೆಯನ್ನೂ ಕೊಟ್ಟೆ. ಒಬ್ಬ ಹೆಂಗಸು ದಿನಾ ತನ್ನ ಮನೆಗಿಂತ ಒಂದು ಸ್ಟಾಪ್ ಮೊದಲೇ ಇಳಿದು ಬಿಸಿಲಲ್ಲಿ ನಡೆಯುತ್ತಿದ್ದಳು.

"ಅದ್ರಿಂದ ಅವ್ರಿಗೆ ಕಷ್ಟ ಇತ್ತಾ? ಬೇರೆಯವ್ರಿಗೆ ತೊಂದ್ರೆ?"

"ಇಲ್ಲೆ."

"ಹಾಂಗಾರೆ ಅದ್ ಕಾಯಿಲೆ ಅಲ್ಲ ಅಜ್ಜ. ಎಂತಕ್ಕ್ ಇಳಿತಿದ್ರ್ ಅಂದೇಳಿ ಕೇಂಡಿದ್ರ್ಯಾ?"

ಒಳಗಿನಿಂದ ನನ್ನ ಹೆಂಡತಿ ಹೇಳಿದಳು: "ಅವ್ರ್ ನನ್ ತವರಿನ್ ಬದಿಯವ್ರ್ ಮಗಾ. ಇವ್ರ್ ಬಡಾಯಿ ಕೇಂಬುಕಾಗ್ದೆ ಇಳಿತಿದ್ರ್."

೨. ಧೈರ್ಯದ ಲೆಕ್ಕ

ಇನ್ನೊಂದು ದಿನ ಪ್ರಶ್ನೆಗಳ ಕಾಗದ ತಂದಳು.

"ನಿದ್ರಿ ಬಾರದ್ ದಿನ ಎಷ್ಟ್?"

"ಒಂದೂ ಇಲ್ಲೆ. ಮಲ್ಕಂಡ್ರೆ ನಾನ್ ಕಲ್ಲ್."

"ಹೆದ್ರಿಕಿ?"

"ಚಿರತಿ ಬಂದ್ರೂ ಇಲ್ಲೆ."

ಅವಳು ಬರೆದುಕೊಂಡು, "ಎಲ್ರೂ ತಮ್ಮನ್ ಚಂದ ಮಾಡ್ಕಂಡೇ ಹೇಳ್ತ್ರ್. ಅದ್ಕೆ ಮನಿಯವ್ರನ್ನೂ ಕೇಂತೆ," ಎಂದು ಹೆಂಡತಿಯ ಕಡೆ ತಿರುಗಿದಳು.

"ಚಿರತಿ ವಿಷ್ಯ ಗೊತ್ತಿಲ್ಲೆ," ಅಂದಳು ನನ್ನವಳು. "ಬೆಕ್ಕ್ ಪಾತ್ರಿ ಬೀಳ್ಸಿರೆ ನನ್ನ ಎಬ್ಬ್ಸಿ ಮುಂದೆ ಕಳ್ಸ್ತ್ರ್."

೩. ಎರಡನೇ ಪಂಕ್ತಿ

ಆಮೇಲೆ ಚೀಟಿ ಎತ್ತಿ ಊರಿನ ಮುದುಕ ಮುದುಕಿಯರಾದ ನಮ್ಮನ್ನು ಎರಡು ಗುಂಪು ಮಾಡಿದಳು. ಮೊದಲಿನವರಿಗೆ ಶಾಲೆಯ ಜಗಲಿಯಲ್ಲಿ ದಿನಾ ಉಸಿರಾಟದ ಪಾಠ. ಎರಡನೆಯವರು ಸುಮ್ಮನಿರಬೇಕು, ನಿದ್ರೆ ಬಂತೋ ಇಲ್ಲವೋ ಹೇಳಿದರಾಯಿತು. "ನಿಮ್ಗೆ ಕಡಿಗ್ ಕಲಿಸ್ತೆ. ಅಲ್ಲಿವರಿಗ್ ಯಾರೂ ಮಾಡುಕಾಗ. ಮಾಡ್ರೆ ಯಾವ್ದ್ರಿಂದ ನಿದ್ರಿ ಬಂತ್ ಅಂದೇಳಿ ತಿಳಿತಿಲ್ಲೆ."

ನನ್ನ ಚೀಟಿ ಎರಡನೆಯದಕ್ಕೆ ಬಿತ್ತು. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯಿರಿ ಅಂದರೆ ಊಟ ಬಿಟ್ಟು ಬರುವ ಜನ ನಾನು! ಜಗಲಿಯ ಕಿಟಕಿ ಹತ್ತಿರ ನಿಂತು ಎರಡೇ ದಿನದಲ್ಲಿ ಪಾಠ ಕದ್ದೆ. ನಮ್ಮ ಗುಂಪನ್ನೆಲ್ಲ ಬಣವೆ ಒಟ್ಟಿದ ಹುಲ್ಲು ಕುತ್ತರಿಯ ಹಿಂದೆ ಕೂರಿಸಿ ಕಲಿಸಿದೆ. ಮೊದಲ ಪಂಕ್ತಿಯವರಿಗಿಂತ ನಮ್ಮ ಉಸಿರೇ ಉದ್ದ.

ಎರಡು ತಿಂಗಳಾದ ಮೇಲೆ ಹುಡುಗಿ ಸಪ್ಪೆ ಮುಖ ಮಾಡಿಕೊಂಡು ಬಂದಳು. "ಅಜ್ಜಾ, ಎರಡ್ ಗುಂಪಿಗೂ ಒಂದೇ ನಮೂನಿ ನಿದ್ರಿ ಬಂದಿತ್. ಪಾಠದಿಂದ ಎಂತದೂ ಆಯ್ಲಿಲ್ಲ ಅಂದೇಳಿ ಬರೀಕಾತ್ತ್. ನೀವ್ ಎಂತಾರೂ ಮಾಡಿರ್ಯಾ?"

ಅವಳ ಕಣ್ಣು ಕೆಂಪಾಗಿತ್ತು. ನಿಜ ಹೇಳೋಣವೆಂದೇ ಬಾಯಿ ತೆರೆದೆ, ಹೊರಗೆ ಬಂದದ್ದು ಬೇರೆ: "ಎಂತದೂ ಇಲ್ಲೆ ಮಗಾ. ನನ್ ಗುಂಪಿನವ್ರಿಗೆ ನನ್ ಮುಖ ಕಂಡ್ರೇ ನಿದ್ರಿ."

ಅಷ್ಟರಲ್ಲಿ ನಮ್ಮ ಗುಂಪಿನ ಅಜ್ಜಿಯೊಬ್ಬಳು ಚಾಪೆ ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕೆ ಬಂದಳು. "ಹ್ವಾಯ್ ಮೇಷ್ಟ್ರೇ! ಇವತ್ತ್ ಉಸ್ರ್ ಎಳೂದ್ ಇಲ್ಯಾ?"

ಹುಡುಗಿ ನನ್ನನ್ನೇ ನೋಡಿದಳು. "ಮೇಷ್ಟ್ರಾ?"

ನಾನು ಹೆಗಲು ಕುಣಿಸಿದೆ. "ಮೂರ್ನೇ ಕ್ಲಾಸಿಗ್ ಶಾಲಿ ಬಿಟ್ಟವ ನಾನ್. ಒಂದ್ಸಲ ಹಾಂಗ್ ಕರಿಸ್ಕಂಬ ಅಂತ ಆಸಿ ಆಯ್ತ್."