ಚಿಪ್ ದುಡಿಯಿತು, ನಾನು ಬೆವರಿದೆ

ಏನಾದರೂ ಕೆಟ್ಟರೆ ಹೆದರುವುದು ಎಲ್ಲರಿಗೂ ಇದ್ದದ್ದೇ. ನನ್ನ ಕೆಲಸದಲ್ಲಿ ಎಲ್ಲಾ ಸರಿಯಾಗಿ ನಡೆಯುವಾಗಲೇ ಎದೆ ಡವಗುಟ್ಟುತ್ತದೆ. ತಿಂಗಳಿಗೆ ಒಂದಾದರೂ ಇಂಥದ್ದು ಆಗದೆ ಇರುವುದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಊರಿಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿ ನಮ್ಮದು. ಮುಖ್ಯವಾಗಿ ಇರುವುದು ಮೂರೇ ಜನ. ಯಜಮಾನರು, ಬಿಲ್ ಕೌಂಟರಿನಲ್ಲಿ ಕೂರುವ ಆಪಾ, ಮತ್ತು ಮಷೀನು ನೋಡಿಕೊಳ್ಳುವ ನಾನು. ಅವರ ಮನೆಮಾತಿನಲ್ಲಿ ಆಪಾ ಅಂದರೆ ಅಕ್ಕ. ಆಫೀಸಿಗೆಲ್ಲಾ ಅವರು ಆಪಾ.

ಮನೆಮನೆಗೆ ನೆಟ್ ಹಂಚುವ ಹಳೇ ಪೆಟ್ಟಿಗೆಗಳನ್ನು ತೆಗೆಸಿ ಊರಿಗೊಂದರಂತೆ ಸ್ವಿಚ್ ಎನ್ನುವ ಹೊಸ ಪೆಟ್ಟಿಗೆ ತರಿಸಿದ್ದು ನಾನೇ. ಇದರೊಳಗೆ ಎರಡು ಭಾಗ. ಯೋಚನೆ ಮಾಡುವುದು ಆಪರೇಟಿಂಗ್ ಸಿಸ್ಟಂ, ಡೇಟಾ ಸಾಗಿಸುವುದು ಚಿಪ್. ಯಾವ ಡೇಟಾ ಯಾವ ದಾರಿಗೆ ಹೋಗಬೇಕು ಎಂದು ಸಿಸ್ಟಂ ತೀರ್ಮಾನಿಸುತ್ತದೆ. ಡ್ರೈವರ್ ಎನ್ನುವ ಪ್ರೋಗ್ರಾಂ ಆ ತೀರ್ಮಾನವನ್ನು ಚಿಪ್‌ಗೆ ಬರೆದುಕೊಡುತ್ತದೆ. ಆಮೇಲೆ ಚಿಪ್ ಯಾರನ್ನೂ ಕೇಳದೆ ತನ್ನ ಪಾಡಿಗೆ ತಾನು ಸಾಗಿಸುತ್ತಾ ಇರುತ್ತದೆ.

ಇದನ್ನೆಲ್ಲಾ ವಿವರಿಸಿದ ದಿನ ಯಜಮಾನರು, "ಆಯುಧಪೂಜೆ ತನಕ ನೋಡ್ತೀನಮ್ಮಾ. ಆಮೇಲೆ ಇಟ್ಕೋಬೇಕೋ ಬೇಡ್ವೋ ಹೇಳ್ತೀನಿ" ಅಂದರು. ಪೆಟ್ಟಿಗೆಯನ್ನಾ ನನ್ನನ್ನಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಈ ಕೆಲಸ ಹೋದರೆ ಈ ಮೂರೂ ಊರಲ್ಲಿ ಇಂಥದ್ದು ಇನ್ನೊಂದಿಲ್ಲ.

ತರೀಕೆರೆಯ ಭವಿಷ್ಯ

ಮೊದಲ ವಾರ. ಕಡೂರಿನಲ್ಲಿ ಕೂತು ತರೀಕೆರೆ ಸ್ವಿಚ್ಚಿನೊಳಗೆ ಇಣುಕಿದೆ. ಹಾದುಹೋಗುವ ಡೇಟಾವನ್ನು ಸಾಲುಸಾಲಾಗಿ ತೋರಿಸುವ ಪ್ರೋಗ್ರಾಂ ಒಂದಿದೆ. ಹಳೇ ಪೆಟ್ಟಿಗೆಯಲ್ಲಿ ಅದನ್ನು ಹಾಕಿದರೆ ಸಾಲುಗಳು ಕಣ್ಣಿಗೆ ಸಿಗದಷ್ಟು ಜೋರಾಗಿ ಓಡುತ್ತಿದ್ದವು. ಇಲ್ಲಿ ಪರದೆ ಖಾಲಿ. ಅರ್ಧ ನಿಮಿಷಕ್ಕೆ ಒಂದು ಸಾಲು ಬಂದರೆ ಹೆಚ್ಚು.

ನೆಟ್ ನಿಂತೇಹೋಗಿದೆ ಅಂದುಕೊಂಡೆ. ಸ್ವಿಚ್ ಇಟ್ಟಿರುವ ಜೆರಾಕ್ಸ್ ಅಂಗಡಿಯವರಿಗೆ ಫೋನ್ ಮಾಡಿ, "ನೆಟ್ ಹೋಗಿದೆ ಸರ್, ಐದು ನಿಮಿಷದಲ್ಲಿ ಸರಿ ಮಾಡ್ತೀನಿ" ಅಂದೆ.

"ಇಲ್ವಲ್ಲ ಮೇಡಂ, ಬತ್ತಾ ಐತೆ."

"ಇಲ್ಲ ಸರ್, ಹೋಗಿದೆ" ಎಂದು ಹೇಳಿ ಸ್ವಿಚ್ಚನ್ನು ರೀಸ್ಟಾರ್ಟ್ ಮಾಡಿಬಿಟ್ಟೆ. ಆಮೇಲೆ ಹೊಳೆಯಿತು. ಡೇಟಾ ಎಲ್ಲಾ ಚಿಪ್ಪಿನಲ್ಲೇ ಹಾದುಹೋಗುತ್ತಿದೆ, ಸಿಸ್ಟಂ ಹತ್ತಿರ ಬರುತ್ತಲೇ ಇಲ್ಲ. ಹಾಗಾಗಿ ಸಿಸ್ಟಂ ಒಳಗೆ ಕೂತು ನೋಡುವ ನನಗೆ ಏನೂ ಕಾಣುವುದಿಲ್ಲ. ಎಲ್ಲಾ ಸರಿಯಾಗಿದೆ ಅನ್ನುವುದಕ್ಕೆ ಆ ಖಾಲಿ ಪರದೆಯೇ ಸಾಕ್ಷಿ. ಅಷ್ಟು ಹೊತ್ತಿಗೆ ಅರ್ಧ ತರೀಕೆರೆಗೆ ನೆಟ್ ಇರಲಿಲ್ಲ.

ಜೆರಾಕ್ಸ್ ಅಂಗಡಿಯವರ ಫೋನ್ ಬಂತು. ಬೈಗುಳ ಕೇಳಲು ತಯಾರಾಗಿ ಎತ್ತಿದೆ.

"ಮೇಡಂ, ನೀವು ಹೇಳ್ದಂಗೇ ಹೋಯ್ತು ಕಣ್ರೀ! ಒಂದು ನಿಮಿಷನೂ ಹೆಚ್ಚುಕಮ್ಮಿ ಇಲ್ಲ!"

ಬೀಗರ ಮನೆಯ ಸ್ಪೀಡು

ಯಜಮಾನರ ಬೀಗರಿರುವುದು ಅಜ್ಜಂಪುರದಲ್ಲಿ. "ಅವ್ರ ಮನೆಗೆ ನೆಟ್ ಎಲ್ರಿಗಿಂತ ಮೊದ್ಲು ಹೋಗೋ ಹಂಗೆ ಮಾಡು. ಹೆಣ್ಣು ಕೊಟ್ಟಿರೋ ಮನೆ ಕಣಮ್ಮಾ" ಎಂದು ಅಪ್ಪಣೆಯಾಯಿತು. ಹಾಗೇ ಅಲ್ಲಿಯ ಸ್ವಿಚ್ಚಿನಲ್ಲಿ ಒಂದು ನಿಯಮ ಬರೆದೆ.

ಮಾರನೇ ದಿನ ಸ್ವಿಚ್ ಇರುವ ಟೈಲರ್ ಅಂಗಡಿಯಿಂದ ಫೋನು. "ಡಬ್ಬ ಕಾದು ಕೆಂಡ ಆಗೈತೆ, ಒದ್ದೆ ಬಟ್ಟೆ ಹಾಕ್ಲಾ?"

"ಅಯ್ಯೋ, ಬೇಡ ಅಣ್ಣಾ!" ಎಂದು ಕಿರುಚಿದೆ. ಅದೇ ಹೊತ್ತಿಗೆ ಬೀಗರು ಯಜಮಾನರಿಗೆ ಫೋನ್ ಮಾಡಿ, ನೆಟ್ ಆಮೆ ಆಗಿದೆ ಎಂದು ನೊಂದುಕೊಂಡಿದ್ದರು. ಯಜಮಾನರೂ ನಾನೂ ಬಸ್ಸು ಹತ್ತಿದೆವು. ಇಳಿದ ಕೂಡಲೇ ಕೆಲಸ ಹೋಯಿತು ಎಂದು ಲೆಕ್ಕ ಹಾಕುತ್ತಾ ನಾನು ಕಿಟಕಿಗೆ ತಲೆಯಾನಿಸಿ ಕೂತಿದ್ದೆ.

ಆಗಿದ್ದು ಇಷ್ಟೇ. ನಾನು ಬರೆದ ನಿಯಮ ಆ ಚಿಪ್ಪಿಗೆ ಬರುವಂಥದ್ದಲ್ಲ. ಡ್ರೈವರ್ ಅದನ್ನು ಬಾಯಿ ಬಿಟ್ಟು ಹೇಳಬಾರದೇ? ಸುಮ್ಮನೆ ಆ ದಾರಿಯ ಡೇಟಾವನ್ನೆಲ್ಲಾ ಸಿಸ್ಟಂ ತಲೆಗೆ ಕಟ್ಟಿತ್ತು. ಬೀಗರ ಮನೆಯ ದಾರಿಯಲ್ಲೇ ಅರ್ಧ ಅಜ್ಜಂಪುರವೂ ಇತ್ತು. ಸಿಸ್ಟಂ ಏದುಸಿರು ಬಿಡುತ್ತಿತ್ತು. ಯಜಮಾನರು ಟೈಲರ್ ಹತ್ತಿರ ಮಾತಾಡುವಾಗ ನಿಯಮ ಅಳಿಸಿಬಿಟ್ಟೆ. ಈಗ ಬೀಗರೂ ಒಂದೇ, ಬೇರೆಯವರೂ ಒಂದೇ. ಕ್ಷಣದಲ್ಲಿ ಎಲ್ಲಾ ಚಿಪ್ಪಿಗೆ ವಾಪಸ್ಸಾಗಿ ನೆಟ್ ಹಾರತೊಡಗಿತು.

ಬೀಗರು ಫೋನಿನಲ್ಲೇ ಹಾಡಿ ಹೊಗಳಿದರು. ಯಜಮಾನರು ಫೋನಿಟ್ಟು ನನ್ನ ಕಿವಿಯ ಹತ್ತಿರ ಬಂದು, "ಇಷ್ಟೊಂದು ಬೇಡ ಕಣಮ್ಮಾ, ಒಂಚೂರು ಕಮ್ಮಿ ಮಾಡು. ಆಮೇಲೆ ಅಭ್ಯಾಸ ಆಗ್ಬಿಡುತ್ತೆ" ಅಂದರು.

ನೂರಕ್ಕೆ ಎರಡು

ಕಡೂರು ಆಫೀಸಿನ ಪರದೆಯಲ್ಲಿ ಸಿಸ್ಟಂ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಒಂದು ಅಂಕಿ ಇದೆ. ಒಂದು ದಿನ ಯಜಮಾನರ ಕಣ್ಣು ಅದರ ಮೇಲೆ ಬಿತ್ತು.

"ಏನಮ್ಮಾ ಇದು, ನೂರಕ್ಕೆ ಎರಡೇ? ಹಳೇದು ತೊಂಬತ್ತು ತೋರಿಸ್ತಿತ್ತು. ಇದು ಸೋಮಾರಿ ಅಲ್ವೇನು?"

ಕೆಲಸವೆಲ್ಲಾ ಚಿಪ್ ಮಾಡುತ್ತೆ ಸರ್, ಸಿಸ್ಟಂ ಬಿಡುವಾಗಿದ್ದರೇ ಒಳ್ಳೆಯದು ಎಂದು ಎಷ್ಟು ಹೇಳಿದರೂ ಅವರ ಹುಬ್ಬು ಇಳಿಯಲಿಲ್ಲ. ಆಯುಧಪೂಜೆಗೆ ಇನ್ನೂ ಎರಡು ತಿಂಗಳಿತ್ತು. ನನ್ನ ಹೆದರಿಕೆ ನನ್ನ ಕೈಯಲ್ಲಿ ಮಾಡಬಾರದ್ದನ್ನು ಮಾಡಿಸಿತು. ಸುಮ್ಮಸುಮ್ಮನೆ ಒಂದು ಎರಡು ಎಣಿಸುತ್ತಾ ಕೂರುವ ಸಣ್ಣ ಪ್ರೋಗ್ರಾಂ ಬರೆದೆ. ಯಜಮಾನರು ಬಂದಾಗ ಅದನ್ನು ಹಚ್ಚುತ್ತಿದ್ದೆ, ಹೋದಾಗ ಆರಿಸುತ್ತಿದ್ದೆ. ಅಂಕಿ ಎಪ್ಪತ್ತಕ್ಕೆ ಏರಿದ್ದು ನೋಡಿ ಅವರು, "ಈಗ ಬಗ್ಗಿ ದುಡೀತೈತೆ" ಎಂದು ಖುಷಿಯಾದರು.

ಒಂದು ಸಂಜೆ ಅವರು ಹೊರಟ ಕೂಡಲೇ ಆರಿಸಿದೆ. ಮರೆತ ಕನ್ನಡಕಕ್ಕೆ ಅವರು ಅಷ್ಟರಲ್ಲೇ ವಾಪಸ್ ಬಂದುಬಿಟ್ಟರು. ಪರದೆ ನೋಡಿದರು, ನನ್ನನ್ನು ನೋಡಿದರು.

"ನಾನು ಹೊಸಿಲು ದಾಟಿದ್ದೇ ತಡ, ಎರಡಕ್ಕೆ ಇಳಿದುಬಿಟ್ತಲ್ಲಮ್ಮಾ! ಬಂದು ನಾಕು ತಿಂಗಳಾಗಿಲ್ಲ, ಆಗ್ಲೇ ನಿಮ್ಮನ್ನೆಲ್ಲಾ ನೋಡಿ ಕಲ್ತುಬಿಟ್ಟೈತೆ."

ರಜೆ

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಕಡೂರಿನ ಸ್ವಿಚ್ಚಿನೊಳಗೆ ಹೋಗಲು ನೋಡಿದೆ. ಉತ್ತರವಿಲ್ಲ. ತಂತಿ ಸಿಕ್ಕಿಸಿ ನೇರವಾಗಿ ನೋಡಿದೆ. ತನ್ನ ಡಿಸ್ಕನ್ನು ಓದಲಾಗುತ್ತಿಲ್ಲ ಎಂದು ಕೊನೆಯ ಮಾತು ಬರೆದು ಸಿಸ್ಟಂ ಅಲ್ಲೇ ಕಲ್ಲಾಗಿತ್ತು. ತಲೆ ಹೋಗಿದೆ. ಆದರೆ ಹಸಿರು ದೀಪಗಳು ಮಿಣಮಿಣ ಅನ್ನುತ್ತಿವೆ, ಊರೆಲ್ಲಾ ನೆಟ್ ಸೊಗಸಾಗಿ ಓಡುತ್ತಿದೆ. ಡ್ರೈವರ್ ಮುಂಚೆ ಬರೆದುಕೊಟ್ಟಿದ್ದನ್ನೇ ಹಿಡಿದುಕೊಂಡು ಚಿಪ್ ಸಾಗಿಸುತ್ತಿತ್ತು.

ಆಫ್ ಮಾಡಿ ಆನ್ ಮಾಡೋಣವೆಂದರೆ, ಡಿಸ್ಕ್ ಕೆಟ್ಟಿರುವ ಪೆಟ್ಟಿಗೆ ಮತ್ತೆ ಏಳುತ್ತದೆ ಎಂಬ ಖಾತ್ರಿ ಇಲ್ಲ. ಏಳದಿದ್ದರೆ ಇಡೀ ಕಡೂರು ಕತ್ತಲು. ಬದಲಿ ಪೆಟ್ಟಿಗೆ ಬೆಂಗಳೂರಿಂದ ಬರಬೇಕು, ಅದು ಹಬ್ಬದ ಆಚೆಗೇ. ಯಜಮಾನರಿಗೆ ಹೇಳಲು ಬಾಯಿ ಬರಲಿಲ್ಲ. ಅವರು ಕೊಟ್ಟ ಗಡುವಿಗೆ ಒಂಬತ್ತೇ ದಿನ ಉಳಿದಿತ್ತು.

ಕರೆಂಟ್ ಹೋದಾಗಲೆಲ್ಲಾ ಯುಪಿಎಸ್ ಪಕ್ಕ ಹೋಗಿ ಕೂರುತ್ತಿದ್ದೆ. ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ಒಯ್ಯುತ್ತಿದ್ದೆ. ಸಿಸ್ಟಂ ಇಲ್ಲದೆ ಹೊಸ ಕನೆಕ್ಷನ್ ಕೊಡುವಂತಿಲ್ಲ. ಸಖರಾಯಪಟ್ಟಣ ರಸ್ತೆಯ ಮೇಷ್ಟ್ರೊಬ್ಬರು ಕೇಳಲು ಬಂದರು. "ಅಮಾವಾಸ್ಯೆ ಕಳೀಲಿ ಸರ್" ಅಂದೆ. ಕಳೆಯಿತು, ಬಂದರು. "ದಶಮಿ ಆಗ್ಲಿ ಸರ್, ಒಳ್ಳೇ ದಿನ" ಅಂದೆ. "ಈ ಕಾಲದಲ್ಲೂ ಇಷ್ಟು ನೇಮ ಇಟ್ಕೊಂಡಿರೋ ಕಂಪನಿ ಐತಲ್ಲಾ" ಎಂದು ಅವರು ಸಂತೋಷವಾಗಿ ಹೋದರು.

ಆಯುಧಪೂಜೆ ಬಂತು. ನಮ್ಮ ಯಜಮಾನರದೊಂದು ಪದ್ಧತಿ. ಪೂಜೆಗೆ ಮುಂಚೆ ಪ್ರತಿ ಮಷೀನನ್ನೂ ತಾವೇ ಕೈಯಾರೆ ನಿಲ್ಲಿಸಿ, ಆಮೇಲೆ ಕುಂಕುಮ ಇಡಬೇಕು. ವರ್ಷವಿಡೀ ದುಡಿದದ್ದಕ್ಕೆ ಅದು ವಿಶ್ರಾಂತಿಯಂತೆ. ಆಪಾ ಅವರ ಪ್ರಿಂಟರ್ ಆಯಿತು, ಡ್ರಿಲ್ಲಿಂಗ್ ಮಷೀನ್ ಆಯಿತು, ಸ್ಕೂಟರ್ ಆಯಿತು. ಅವರ ಕೈ ಸ್ವಿಚ್ಚಿನ ಗುಂಡಿಯ ಹತ್ತಿರ ಬಂತು. ನಾನು ಅಡ್ಡ ನಿಂತೆ.

"ಬೇಡಿ ಸರ್."

"ಐದು ನಿಮಿಷ ಕಣಮ್ಮಾ. ಪಾಪ, ಅದಕ್ಕೂ ಒಂದಿನ ರಜ ಬೇಡ್ವಾ?"

"ಅದು ರಜ ಹಾಕಿ ಒಂಬತ್ತು ದಿನ ಆಯ್ತು ಸರ್!"

ಬಾಯಿಂದ ಬಿದ್ದೇಹೋಯಿತು. ಆಮೇಲೆ ಅಳುತ್ತಾ ಎಲ್ಲವನ್ನೂ ಹೇಳಿದೆ. ಯಜಮಾನರು ಕುಂಕುಮದ ಬೆರಳು ಮೇಲೆತ್ತಿಕೊಂಡೇ ನಿಂತಿದ್ದರು.

"ಅಂದ್ರೆ, ಹೇಳೋರು ಕೇಳೋರು ಇಲ್ದೆ ಒಂಬತ್ತು ದಿನದಿಂದ ಇಡೀ ಊರು ನಡೀತೈತಾ? ಒಂದೂ ಕಂಪ್ಲೇಂಟ್ ಬಂದಿಲ್ವಾ?"

ಆಪಾ ಕಂಪ್ಲೇಂಟ್ ಪುಸ್ತಕ ತಿರುವಿದರು. "ಇಲ್ಲ ಯಜಮಾನ್ರೆ. ಆಷಾಢದಲ್ಲಿ ನೀವು ಮಗಳ ಮನೇಲಿ ಎಂಟು ದಿನ ಇದ್ರಲ್ಲಾ, ಆವಾಗ್ಲೂ ಹಿಂಗೇ ಖಾಲಿ ಇತ್ತು."

ಈಗ ನನ್ನ ಜೊತೆ ಆಪಾ ಕೆಲಸವೂ ಹೋಯಿತು ಅಂದುಕೊಂಡೆ. ಯಜಮಾನರು ಆಪಾ ಕಡೆ ನೋಡಲೇ ಇಲ್ಲ.

"ಚಿಪ್ ಸಾಗಿಸ್ತಿತ್ತು, ಸರಿ. ಈ ಒಂಬತ್ತು ದಿನ ನೀನೇನು ಮಾಡ್ತಿದ್ದೆ?"

"ಹೆದರ್ಕೊಂಡು ಕೂತಿದ್ದೆ ಸರ್."

"ಒಂಬತ್ತು ದಿನಾನೂ?"

"ಹೌದು ಸರ್. ಊಟ ನಿದ್ದೆ ಬಿಟ್ಟು."

"ಆ ಕೆಲಸ ಚಿಪ್ಪಿಗೆ ಬರಲ್ಲ ತಾನೇ?"

"ಬರಲ್ಲ ಸರ್."

ಅವರು ಗುಂಡಿ ಮುಟ್ಟದೆ ಪೆಟ್ಟಿಗೆಗೆ ಕುಂಕುಮ ಇಟ್ಟರು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡರು.

"ನೀನು ಖಾಯಂ ಕಣಮ್ಮಾ. ಹದಿನೈದು ವರ್ಷದಿಂದ ಆ ಕೆಲಸ ನಾನೊಬ್ನೇ ಮಾಡ್ತಿದ್ದೆ. ಇವತ್ತಿಂದ ನೀನು ಹೆದರ್ಕೋ, ನಾನು ಮನೆಗೋಗಿ ಮಲಗ್ತೀನಿ."